ಕಚೇರಿಯ ಕಲಾವಿದರಿಗೆ ಏನು ಹೇಳಬೇಕು

ಸಹೋದ್ಯೋಗಿಯೊಬ್ಬರು ಬಿಡುವಿನಲ್ಲಿ ಮಾಡಿದ ಕಲಾಕೃತಿಯನ್ನು ಮೇಜಿನ ಮೇಲಿಟ್ಟು ‘ಹೇಗಿದೆ, ಹೇಳಿ’ ಎಂದು ಕೇಳುವುದು ಎಲ್ಲ ಕಚೇರಿಗಳಲ್ಲೂ ಇದ್ದದ್ದೇ. ಅದು ರಾಜ್ಯೋತ್ಸವದ ಪೋಸ್ಟರ್ ಇರಬಹುದು. ನಿವೃತ್ತರಾಗುವವರ ಮೇಲೆ ಕಟ್ಟಿದ ಕವನ ಇರಬಹುದು. ವಾರ್ಷಿಕೋತ್ಸವದ ನಾಟಕ, ಮೊಬೈಲಿನಲ್ಲಿ ತೆಗೆದ ಕಿರುಚಿತ್ರ, ಸ್ಮರಣ ಸಂಚಿಕೆಯ ಮುಖಪುಟ, ಯಾವುದಾದರೂ ಆಗಬಹುದು. ಮಾಡಿದವರು ನಿದ್ದೆಗೆಟ್ಟು, ಆಸೆಪಟ್ಟು ಮಾಡಿರುತ್ತಾರೆ. ನೋಡುವವರಿಗೆ ಅದು ಚೆನ್ನಾಗಿಲ್ಲ ಎಂಬುದು ಒಂದೇ ನೋಟಕ್ಕೆ ಗೊತ್ತಾಗಿಬಿಡುತ್ತದೆ. ಉತ್ತರ ಮಾತ್ರ ಆಗಲೇ ಬೇಕು. ಕೇಳಿದವರು ಎದುರಿಗೇ ನಿಂತಿರುತ್ತಾರೆ.

ಪುಸ್ತಕ ವಿಮರ್ಶಕನಿಗೆ ಲೇಖಕ ದೂರದವನು. ಮೇಷ್ಟ್ರಿಗೆ ಅಂಕ ಕೊಡುವ ಅಧಿಕಾರ ಇದೆ. ಸಹೋದ್ಯೋಗಿಗೆ ಆ ದೂರವೂ ಇಲ್ಲ, ಈ ಅಧಿಕಾರವೂ ಇಲ್ಲ. ನಾಳೆ ಬೆಳಗ್ಗೆ ಅದೇ ಲಿಫ್ಟು, ಅದೇ ಊಟದ ಮೇಜು. ಪಾಳಿ ಬದಲಿಸಿಕೊಳ್ಳಬೇಕಾದರೆ ಅವರನ್ನೇ ಕೇಳಬೇಕು. ಹಾಗಾಗಿ ಹೆಚ್ಚಿನವರು ‘ಸೂಪರ್ ಆಗಿದೆ’ ಎಂದು ಜಾರಿಕೊಳ್ಳುತ್ತಾರೆ. ಕೆಲವರು ಯಥಾರ್ಥವಾದಿಗಳಾಗಿ ತಪ್ಪುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಮೊದಲನೆಯವರು ಹೊಗಳಿ ಹೊನ್ನಶೂಲಕ್ಕೆ ಏರಿಸಿದ ಹಾಗೆ. ಆ ಪೋಸ್ಟರ್ ನಾಳೆ ಗೋಡೆ ಏರುತ್ತದೆ, ನಗುವವರು ಹಿಂದಿನಿಂದ ನಗುತ್ತಾರೆ. ಎರಡನೆಯವರ ಪಟ್ಟಿ ಬಹುಪಾಲು ನಿಜವೇ ಆಗಿರುತ್ತದೆ. ಆದರೆ ಮೂರನೆಯ ತಪ್ಪಿನ ಹೊತ್ತಿಗೆ ಕೇಳುವವರ ಕಿವಿ ಮುಚ್ಚಿರುತ್ತದೆ.

ಈ ಕಷ್ಟವನ್ನು ದಿನದ ಕೆಲಸದೊಳಕ್ಕೇ ತೆಗೆದುಕೊಂಡು, ಅದಕ್ಕೊಂದು ರೀತಿ ನೀತಿ ಮಾಡಿಕೊಂಡ ಊರೊಂದು ಅಮೆರಿಕದಲ್ಲಿದೆ. ಅದರ ಹೆಸರು ಎಮರಿವಿಲ್.

ಎಮರಿವಿಲ್ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದ ದಡದಲ್ಲಿ, ಓಕ್‌ಲ್ಯಾಂಡ್ ಮತ್ತು ಬರ್ಕ್ಲಿಗಳ ನಡುವೆ ಸಿಕ್ಕಿಕೊಂಡ ಪುಟ್ಟ ಪಟ್ಟಣ. ನೆಲ ಒಂದು ಚದರ ಮೈಲಿಗಿಂತ ಸ್ವಲ್ಪ ಹೆಚ್ಚು. ಜನ ಸುಮಾರು 13 ಸಾವಿರ. ಬೇ ಬ್ರಿಜ್ ಎಂಬ ಉದ್ದನೆಯ ಸೇತುವೆಗೆ ಹೋಗುವ ಹೆದ್ದಾರಿ ಇದರ ಅಂಚಿನಲ್ಲೇ ಹಾದುಹೋಗುತ್ತದೆ. ಆ ಹೆದ್ದಾರಿಗೂ ಕಡಲಿಗೂ ನಡುವೆ ಕೆಸರಿನ ಬಯಲು. 1960ರ ದಶಕದಲ್ಲಿ ಆ ಕೆಸರಿನಲ್ಲಿ ಯಾರ್ಯಾರೋ ಶಿಲ್ಪಗಳನ್ನು ನಿಲ್ಲಿಸತೊಡಗಿದರು. ಅಲೆ ತಂದು ಹಾಕಿದ ಮರದ ತುಂಡು, ಹಳೆಯ ಟೈರು, ತಗಡು, ಇವೇ ಸಾಮಗ್ರಿ. ಕೆಲವನ್ನು ಕಲಾಶಾಲೆಯ ವಿದ್ಯಾರ್ಥಿಗಳು ಮಾಡಿದ್ದರು. ಉಳಿದವನ್ನು ಕಲೆ ಕಲಿಯದ ಸಾಮಾನ್ಯರು ಮಾಡಿದ್ದರು. ರೆಕ್ಕೆ ಚಾಚಿದ ವಿಮಾನ, ರೈಲು, ಪ್ರಾಣಿಗಳು, ಏನೆಂದು ಹೇಳಲಾಗದ ಆಕಾರಗಳು ಅಲ್ಲಿದ್ದವು. ಸಹಿ ಇಲ್ಲ, ಅನುಮತಿ ಇಲ್ಲ. ಕಾರಿನಲ್ಲಿ ಹೋಗುವವರೆಲ್ಲ ಪ್ರೇಕ್ಷಕರು. ಒಬ್ಬರ ಶಿಲ್ಪ ಇನ್ನೊಬ್ಬರಿಗೆ ಹಿಡಿಸದಿದ್ದರೆ ಅದರ ಮರವನ್ನೇ ಕಿತ್ತು ತಮ್ಮದಕ್ಕೆ ಬಳಸಿಕೊಳ್ಳುತ್ತಿದ್ದರು. ಇದೂ ಒಂದು ಬಗೆಯ ವಿಮರ್ಶೆ. ಯಾರ ಮುಖವೂ ಬಾಡುತ್ತಿರಲಿಲ್ಲ, ಏಕೆಂದರೆ ಯಾರು ಮಾಡಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಮುಂದೆ ಆ ಶಿಲ್ಪಗಳು ಉಳಿಯಲಿಲ್ಲ.

ಕಚೇರಿಯಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಪ್ರತಿ ಕೃತಿಗೂ ಒಂದು ಹೆಸರಿದೆ, ಒಂದು ಕುರ್ಚಿ ಇದೆ. ಅಲ್ಲಿನ ರೀತಿಗೆ ಇದೇ ಎಮರಿವಿಲ್‌ನ ಇನ್ನೊಂದು ಜಾಗವನ್ನು ನೋಡಬೇಕು. ಅದು ಪಿಕ್ಸಾರ್ ಸ್ಟುಡಿಯೊ. ‘ಟಾಯ್ ಸ್ಟೋರಿ’, ‘ಫೈಂಡಿಂಗ್ ನೀಮೋ’ ಮುಂತಾದ ಅನಿಮೇಷನ್ ಚಿತ್ರಗಳನ್ನು ಮಾಡಿದ ಸಂಸ್ಥೆ. 2000ನೇ ಇಸವಿಯಲ್ಲಿ ಅದು ಎಮರಿವಿಲ್‌ಗೆ ಬಂತು. ಹಿಂದೆ ಅಲ್ಲಿ ಹಣ್ಣು ತರಕಾರಿ ಡಬ್ಬಿಗೆ ತುಂಬುವ ಕಾರ್ಖಾನೆ ಇತ್ತು.

ಪಿಕ್ಸಾರ್ ತನ್ನ ನೌಕರರಿಗಾಗಿ ಒಳಗೇ ಒಂದು ಪಾಠಶಾಲೆ ನಡೆಸಿತು. ಅದಕ್ಕೆ ಪಿಕ್ಸಾರ್ ಯೂನಿವರ್ಸಿಟಿ ಎಂದೇ ಹೆಸರು. ಚಿತ್ರ ಬಿಡಿಸುವುದು, ಶಿಲ್ಪ, ನಟನೆ, ಬರವಣಿಗೆ ಎಲ್ಲವೂ ಅಲ್ಲಿತ್ತು. ಲೆಕ್ಕ ಬರೆಯುವವರು, ಅಡುಗೆಯವರು, ಕಾವಲಿನವರು ಕೂಡ ಸೇರಬಹುದಿತ್ತು. ಪ್ರಪಂಚದ ನುರಿತ ಚಿತ್ರಕಾರರ ಪಕ್ಕದಲ್ಲೇ ಪೆನ್ಸಿಲು ಹಿಡಿಯಲು ಬಾರದವರೂ ಕೂತು ಬರೆಯುತ್ತಿದ್ದರು. ಸಹೋದ್ಯೋಗಿಯ ಸೊಟ್ಟ ಚಿತ್ರ ಅಲ್ಲಿ ದಿನದ ಸಂಗತಿ.

ಆ ತರಗತಿಯ ಒಂದು ಅಭ್ಯಾಸ ಇಲ್ಲಿ ಬಹಳ ಮುಖ್ಯ. ಎದುರಿಗೆ ಒಂದು ಕುರ್ಚಿ ಇಡುತ್ತಾರೆ. ಕುರ್ಚಿಯನ್ನು ಬರೆಯಬೇಡಿ ಎನ್ನುತ್ತಾರೆ. ಕುರ್ಚಿಯ ಕಾಲುಗಳ ನಡುವಿನ ಖಾಲಿ ಜಾಗ ಯಾವ ಆಕಾರದ್ದು, ಬೆನ್ನಿನ ಪಟ್ಟಿಗಳ ನಡುವಿನ ಖಾಲಿ ಜಾಗ ಯಾವ ಆಕಾರದ್ದು, ಅದನ್ನು ಮಾತ್ರ ಬರೆಯಿರಿ ಎನ್ನುತ್ತಾರೆ. ಕುರ್ಚಿ ಎಂದ ಕೂಡಲೇ ಮನಸ್ಸು ತನಗೆ ಮೊದಲೇ ಗೊತ್ತಿರುವ ಕುರ್ಚಿಯನ್ನು ಕಾಗದಕ್ಕೆ ಇಳಿಸುತ್ತದೆ. ಕಾಲು ನಾಲ್ಕೂ ಒಂದೇ ಉದ್ದ, ಕೂರುವ ಹಲಗೆ ಚೌಕ. ಕಣ್ಣಿಗೆ ಕಾಣುತ್ತಿರುವುದು ಹಾಗಿರುವುದಿಲ್ಲ. ಖಾಲಿ ಜಾಗಕ್ಕೆ ಹೆಸರಿಲ್ಲ. ಆದ್ದರಿಂದ ಅದನ್ನು ಬರೆಯುವಾಗ ನಿಜಕ್ಕೂ ನೋಡಬೇಕಾಗುತ್ತದೆ. ಹಾಗೆ ಬರೆದಾಗ ಕುರ್ಚಿ ತಾನೇ ಸರಿಯಾಗಿ ಮೂಡುತ್ತದೆ. ಪಿಕ್ಸಾರ್ ಸ್ಥಾಪಕರಲ್ಲಿ ಒಬ್ಬರಾದ ಎಡ್ ಕ್ಯಾಟ್ಮಲ್ 2014ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ಪಾಠವನ್ನು ವಿವರವಾಗಿ ಹೇಳಿದ್ದಾರೆ.

ಸಹೋದ್ಯೋಗಿಯ ಪೋಸ್ಟರ್ ನೋಡುವಾಗಲೂ ಆಗುವುದು ಇದೇ. ‘ಕೆಟ್ಟದಾಗಿದೆ’ ಎಂಬುದು ನೋಡುವ ಮೊದಲೇ ಬರುವ ತೀರ್ಮಾನ. ಅದರ ಮೇಲೆ ಏನು ಉತ್ತರ ಕೊಟ್ಟರೂ ಸುಳ್ಳಾಗುತ್ತದೆ, ಇಲ್ಲವೇ ಒರಟಾಗುತ್ತದೆ. ಕಣ್ಣು ಎಲ್ಲಿಗೆ ಮೊದಲು ಹೋಯಿತು? ಊರು, ದಿನ, ಹೊತ್ತು ಎಲ್ಲಿ ಸಿಕ್ಕಿತು? ಎಷ್ಟು ಹುಡುಕಿದ ಮೇಲೆ ಸಿಕ್ಕಿತು? ಇವಕ್ಕೆ ಉತ್ತರ ಗೊತ್ತಿದ್ದವರಿಗೆ ಹೇಳಲು ಮಾತು ಇರುತ್ತದೆ. ನಯವಾದ ಉತ್ತರದ ಮುಕ್ಕಾಲು ಪಾಲು ಹೀಗೆ ಒಂದೆರಡು ನಿಮಿಷ ಸುಮ್ಮನೆ ನೋಡುವುದರಲ್ಲೇ ಇದೆ. ತನ್ನ ಕೆಲಸವನ್ನು ಒಬ್ಬರು ನಿಜವಾಗಿ ನೋಡಿದರು ಎಂಬುದು ಮಾಡಿದವರಿಗೆ ತಪ್ಪದೆ ತಿಳಿಯುತ್ತದೆ.

ಇಷ್ಟರ ತನಕ ಬಂದದ್ದು ಎರಡು ಮಾತು. ಕಚೇರಿಯಲ್ಲಿ ಹೆಸರು ಮರೆಸಿಕೊಳ್ಳಲು ಆಗದು. ಮತ್ತು ತೀರ್ಮಾನಕ್ಕೆ ಮೊದಲು ನೋಟ. ಇನ್ನು, ನೋಡಿದವರು ಏನನ್ನು ಹೇಳಬೇಕು, ಏನನ್ನು ಬಿಡಬೇಕು?

ತಪ್ಪುಗಳಲ್ಲಿ ಎರಡು ಜಾತಿ. ಒಂದು, ಯಾರು ನೋಡಿದರೂ ತಪ್ಪೇ ಆಗಿರುವುದು. ಇನ್ನೊಂದು, ಅಭಿರುಚಿಗೆ ಸೇರಿದ್ದು. ಇವನ್ನು ಕಲಸಿಬಿಟ್ಟರೆ ಎರಡೂ ಕೆಡುತ್ತವೆ. ಕನ್ನಡದ ಒಂದು ಪೋಸ್ಟರನ್ನೇ ಕೇಳುಗರು ಮನಸ್ಸಿಗೆ ತಂದುಕೊಳ್ಳಬಹುದು. ಎಮರಿವಿಲ್ ಇರುವ ಬೇ ಏರಿಯಾದಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಿಂದ ಇದೆ. ಹಗಲು ಸಾಫ್ಟ್‌ವೇರ್ ಬರೆಯುವವರು ಸಂಜೆ ನಾಟಕ ಆಡುವ, ಹಾಡು ಕಟ್ಟುವ, ಸಂಚಿಕೆ ತರುವ ಪ್ರಪಂಚ ಅದು. ಅಂಥ ಕೂಟಗಳಲ್ಲಿ, ಬೆಂಗಳೂರಿನ ಕಂಪನಿಗಳಲ್ಲಿ, ಎಲ್ಲ ಕಡೆಯೂ ನವೆಂಬರ್ ಬಂತೆಂದರೆ ಹಳದಿ ಕೆಂಪು ಪೋಸ್ಟರುಗಳು ಹುಟ್ಟುತ್ತವೆ.

ಪೋಸ್ಟರಿನಲ್ಲಿ ದೊಡ್ಡದಾಗಿ ‘ರಾಜ್ಯೋತ್ಸವ’ ಎಂದು ಇರಬೇಕು. ಆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಂತಿವೆ. ಜಕಾರಕ್ಕೆ ಅರ್ಧಾಕ್ಷರದ ಚಿಹ್ನೆ, ಅದರ ಪಕ್ಕ ಯಕಾರ ಬೇರೆ. ತಕಾರಕ್ಕೆ ಅದೇ ಚಿಹ್ನೆ, ಅದರ ಪಕ್ಕ ಸಕಾರ ಬೇರೆ. ಚಿತ್ರ ಜೋಡಿಸುವ ಕೆಲವು ತಂತ್ರಾಂಶಗಳಿಗೆ, ಅದರಲ್ಲೂ ಹಳೆಯವಕ್ಕೆ, ಕನ್ನಡದ ಅಕ್ಷರಗಳನ್ನು ಒಂದರ ಕೆಳಗೊಂದು ಕೂಡಿಸಲು ಬರುವುದಿಲ್ಲ. ಭಾರತೀಯ ಲಿಪಿಗಳಿಗೆಂದು ಇರುವ ಆಯ್ಕೆಯನ್ನು ಆನ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹಾಗೆಯೇ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರೆದದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಇದು ಮಾಡಿದವರ ಪ್ರತಿಭೆಯ ಪ್ರಶ್ನೆಯೇ ಅಲ್ಲ.

ಇಂಥ ತಪ್ಪನ್ನು ಕೂಡಲೇ, ನೇರವಾಗಿ, ಒಬ್ಬರಿಗೇ ಹೇಳಬೇಕು. ‘ಇಲ್ಲಿ ಒತ್ತು ಬಿಟ್ಟುಹೋಗಿದೆ, ಫಾಂಟಿನ ತೊಂದರೆ, ಈಗಲೇ ಸರಿಮಾಡಬಹುದು’ ಎಂದರೆ ಸಾಕು. ಪೀಠಿಕೆ ಬೇಡ, ಕ್ಷಮೆ ಬೇಡ. ತಾರೀಕು ತಪ್ಪಾಗಿರುವುದು, ಅತಿಥಿಯ ಹೆಸರು ತಪ್ಪಾಗಿರುವುದು ಕೂಡ ಇದೇ ಜಾತಿ. ಇದನ್ನು ದಾಕ್ಷಿಣ್ಯಕ್ಕೆ ನುಂಗಿಕೊಂಡರೆ ಅದು ನಯವಲ್ಲ, ಮೋಸ. ಹಿನ್ನೆಲೆಯಲ್ಲಿ ಭುವನೇಶ್ವರಿ, ಜೋಗ, ಹಂಪಿಯ ರಥ, ಆನೆ, ಹುಲಿ, ವಿಧಾನಸೌಧ ಎಲ್ಲವನ್ನೂ ತುರುಕಿದ್ದಾರೆ ಎಂಬುದು ಬೇರೆ ಮಾತು. ಅದು ಅಭಿರುಚಿ. ಅದರ ಬಗ್ಗೆ ಹೇಳಬಹುದಾದ್ದು ನೋಡುಗನ ಅನುಭವ ಮಾತ್ರ. ‘ಕಾರ್ಯಕ್ರಮ ಎಲ್ಲಿ ಎಂಬುದು ಆನೆಯ ಹಿಂದೆ ಸಿಕ್ಕಿತು, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.’ ಹೀಗೆಂದರೆ ಯಾರ ಅಭಿರುಚಿಗೂ ಪೆಟ್ಟಿಲ್ಲ. ಆನೆಯನ್ನು ಸರಿಸಬೇಕೋ ಬೇಡವೋ ಎಂಬುದು ಮಾಡಿದವರ ಯೋಚನೆಗೆ ಉಳಿಯುತ್ತದೆ.

ಮೊದಲು ನೋಟ, ಆಮೇಲೆ ತಪ್ಪಿನ ಜಾತಿ. ಮೂರನೆಯದು ಅಧಿಕಾರ. ಹೇಳುವವರ ಕೈಯಲ್ಲಿ ಅಧಿಕಾರ ಇದ್ದರೆ ಮೆಲುದನಿಯ ಸಲಹೆಯೂ ಅಪ್ಪಣೆಯಾಗುತ್ತದೆ. ಇದರ ದೊಡ್ಡ ಉದಾಹರಣೆ ಪಿಕ್ಸಾರ್‌ನ ಮೊದಲ ಚಿತ್ರದಲ್ಲೇ ಇದೆ.

ಆಗ ಅವರು ಇನ್ನೂ ಎಮರಿವಿಲ್‌ಗೆ ಬಂದಿರಲಿಲ್ಲ. ‘ಟಾಯ್ ಸ್ಟೋರಿ’ಗೆ ಹಣ ಹಾಕುತ್ತಿದ್ದದ್ದು ಡಿಸ್ನಿ. ಗೊಂಬೆ ನಾಯಕ ವುಡಿ ಇನ್ನಷ್ಟು ಚೂಪಾಗಿರಲಿ, ಕಟಕಿಯಾಡಲಿ ಎಂದು ಡಿಸ್ನಿಯ ಮುಖ್ಯಸ್ಥರು ಹೇಳುತ್ತಾ ಬಂದರು. ಪಿಕ್ಸಾರ್‌ನವರು ಹೊಸಬರು, ಹೇಳಿದ್ದನ್ನೆಲ್ಲ ಮಾಡುತ್ತಾ ಹೋದರು. 1993ರ ನವೆಂಬರಿನ ಒಂದು ಶುಕ್ರವಾರ ಅರೆಬರೆ ಚಿತ್ರವನ್ನು ಡಿಸ್ನಿಯಲ್ಲಿ ತೋರಿಸಿದಾಗ ವುಡಿ ಯಾರಿಗೂ ಬೇಡವಾದ ಕುಹಕಿಯಾಗಿದ್ದ. ಕೆಲಸ ನಿಂತಿತು. ಪಿಕ್ಸಾರ್‌ನವರು ಕಥೆಯನ್ನು ತಮಗೆ ತೋಚಿದಂತೆ ಮತ್ತೆ ಕಟ್ಟಿದರು. ಚಿತ್ರ ಎರಡು ವರ್ಷದ ಬಳಿಕ, 1995ರ ನವೆಂಬರಿನಲ್ಲಿ ತೆರೆಕಂಡು ಗೆದ್ದಿತು.

ಅದರ ಮುಂದಿನ ವರ್ಷಗಳಲ್ಲಿ ಪಿಕ್ಸಾರ್‌ನಲ್ಲಿ ಬೇರೆ ಬಗೆಯ ಸಭೆ ಬೆಳೆಯಿತು. ಅದನ್ನು ಅವರು ಬ್ರೇನ್‌ಟ್ರಸ್ಟ್ ಎಂದು ಕರೆಯುತ್ತಾರೆ. ಕೆಲವು ತಿಂಗಳಿಗೊಮ್ಮೆ ನಿರ್ದೇಶಕ ತನ್ನ ಚಿತ್ರದ ಒರಟು ರೂಪವನ್ನು ತೋರಿಸುತ್ತಾನೆ. ತಾವೂ ಚಿತ್ರ ಮಾಡಿದ ಸಹೋದ್ಯೋಗಿಗಳು ನೋಡಿ ಮಾತಾಡುತ್ತಾರೆ. ನಿಯಮ ಒಂದೇ: ಈ ಸಭೆಗೆ ಅಧಿಕಾರ ಇಲ್ಲ. ಹೇಳಿದ್ದನ್ನು ನಿರ್ದೇಶಕ ಮಾಡಬೇಕಾಗಿಲ್ಲ. ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಏನೋ ಕಾಣೆಯಾಗಿದೆ ಎಂದು ಖಚಿತವಾಗಿ ಹೇಳಿದರೆ ಸಾಕು. ಪರಿಹಾರ ಹೇಳಲೇಬೇಕೆಂದೂ ಇಲ್ಲ. ಬರೀ ‘ಬೇಜಾರಾಯಿತು’ ಎಂದರೆ ಅದು ಸಲಹೆಯ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲಿ, ಯಾವ ಗಳಿಗೆಯಲ್ಲಿ ಬೇಜಾರಾಯಿತು ಎಂದು ತೋರಿಸಬೇಕು. 2008ರಲ್ಲಿ ಬಂದ ‘ವಾಲ್-ಇ’ ಚಿತ್ರದ ನಿರ್ದೇಶಕ ಆಂಡ್ರ್ಯೂ ಸ್ಟಾಂಟನ್‌ಗೆ ಸಹೋದ್ಯೋಗಿ ಬ್ರಾಡ್ ಬರ್ಡ್ ಹೇಳಿದ್ದು ಹೀಗೆಯೇ ಖಚಿತವಾದ ಮಾತು. ಈವ್ ಎಂಬ ಯಂತ್ರ ತನ್ನ ಕರ್ತವ್ಯವನ್ನೆಲ್ಲ ಬದಿಗಿಟ್ಟು ಕಥಾನಾಯಕನಾದ ಯಂತ್ರ ವಾಲ್-ಇಯನ್ನು ಉಳಿಸಲು ಓಡುವ ಗಳಿಗೆಗೆ ಪ್ರೇಕ್ಷಕರು ಕಾಯುತ್ತಿದ್ದಾರೆ, ಅದೇ ಚಿತ್ರದಲ್ಲಿ ಇಲ್ಲ ಎಂದರು. ಚಿತ್ರದ ಕೊನೆ ಬದಲಾಯಿತು.

ಸ್ಟೀವ್ ಜಾಬ್ಸ್ ಪಿಕ್ಸಾರ್‌ನ ಒಡೆಯರಾಗಿದ್ದರು. ಅವರು ಈ ಸಭೆಗೆ ಬರುತ್ತಿರಲಿಲ್ಲ. ಅವರು ಇದ್ದರೆ ಉಳಿದವರ ಬಾಯಿ ಕಟ್ಟುತ್ತದೆ ಎಂಬುದೇ ಕಾರಣ. ನೇರಮಾತಿಗೆ ಹೆಸರಾದ ಆ ಮನುಷ್ಯ ಚಿತ್ರ ನೋಡಿ ಬೇರೆಯಾಗಿ ಅಭಿಪ್ರಾಯ ಹೇಳುವಾಗ, ತಾನು ಚಿತ್ರ ಮಾಡುವವನಲ್ಲ, ಬೇಡವೆನಿಸಿದ್ದನ್ನು ಬಿಟ್ಟುಬಿಡಿ ಎಂದೇ ಶುರುಮಾಡುತ್ತಿದ್ದರಂತೆ. ಕಚೇರಿಯ ಮೇಲಧಿಕಾರಿಗಳು ಇದನ್ನು ಗಮನಿಸಬಹುದು. ಕೈಕೆಳಗಿನವರ ಕವನಕ್ಕೆ ಬಾಸ್ ಹೇಳುವ ಒಂದು ‘ಹ್ಞೂಂ’ ಕೂಡ ವರ್ಷದ ಕೊನೆಯ ಮೌಲ್ಯಮಾಪನದ ಹಾಗೆ ಕೇಳಿಸುತ್ತದೆ.

ಅಧಿಕಾರ ಎಲ್ಲೆಲ್ಲಿ ಅಡಗಿ ಕೂರುತ್ತದೆ ಎಂಬುದಕ್ಕೆ ಅಲ್ಲಿನ ಒಂದು ಮೇಜಿನ ಕಥೆ ಇದೆ. ಸಭೆಯ ಕೋಣೆಯಲ್ಲಿ ಉದ್ದನೆಯ, ಅಗಲವಿಲ್ಲದ ಮೇಜಿತ್ತು. ನಡುವೆ ಕೂತವರು ದೊಡ್ಡವರು. ತುದಿಯಲ್ಲಿ ಕೂತವರಿಗೆ ಯಾರ ಮುಖವೂ ಸರಿಯಾಗಿ ಕಾಣದು. ಅವರು ಮಾತಾಡುತ್ತಲೂ ಇರಲಿಲ್ಲ. ಯಾರು ಎಲ್ಲಿ ಕೂರಬೇಕೆಂದು ಹೆಸರಿನ ಚೀಟಿಗಳನ್ನೂ ಇಡುತ್ತಿದ್ದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದು ಯಾರ ಗಮನಕ್ಕೂ ಬರಲಿಲ್ಲ. ನಡುವೆ ಕೂತವರಿಗೆ ತೊಂದರೆ ಇರಲಿಲ್ಲವಲ್ಲ! ಒಮ್ಮೆ ಬೇರೆ ಕೋಣೆಯ ಚೌಕದ ಮೇಜಿನ ಸುತ್ತ ಸಭೆ ಸೇರಿದಾಗ ಎಲ್ಲರೂ ಮಾತಾಡಿದರು. ಆಗ ಹಳೆಯ ಮೇಜನ್ನು ತೆಗೆಸಿದರು. ಹೊಸ ಮೇಜು ಬಂದ ಮೇಲೂ ಹೆಸರಿನ ಚೀಟಿಗಳು ಮಾತ್ರ ಅಭ್ಯಾಸಬಲದಿಂದ ಬಂದು ಕೂತಿದ್ದವು. ಸ್ಟಾಂಟನ್ ಅವನ್ನೆಲ್ಲ ಕೈಯಾರೆ ಕಲಸಿಬಿಟ್ಟರು.

ಪಿಕ್ಸಾರ್ ಎಲ್ಲದರಲ್ಲೂ ಮಾದರಿ ಎಂದು ಯಾರೂ ತಿಳಿಯಬೇಕಾಗಿಲ್ಲ. ಈ ಸಭೆಯ ಮುಂಚೂಣಿಯಲ್ಲಿದ್ದ ಜಾನ್ ಲ್ಯಾಸೆಟರ್, ತಮ್ಮ ನಡತೆಯ ಬಗ್ಗೆ ದೂರುಗಳು ಬಂದು, 2017ರಲ್ಲಿ ರಜೆಯ ಮೇಲೆ ಹೋದರು, 2018ರ ಕೊನೆಗೆ ಹುದ್ದೆ ಬಿಟ್ಟರು. ಚಿತ್ರದ ಬಗ್ಗೆ ಬಾಯಿಬಿಟ್ಟು ಮಾತಾಡಿದವರಿಗೆ ಮನುಷ್ಯರ ಬಗ್ಗೆ ಮಾತಾಡುವ ಧೈರ್ಯ ಬರಲು ಬಹಳ ಕಾಲ ಹಿಡಿಯಿತು.

ನೋಟ, ತಪ್ಪಿನ ಜಾತಿ, ಅಧಿಕಾರ ಎಂದು ಮೂರು ಆಯಿತು. ನಾಲ್ಕನೆಯದು ಹೊತ್ತು. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಕ್ಯಾಟ್ಮಲ್ ಕೂಡ ತಮ್ಮ ಚಿತ್ರಗಳ ಮೊದಲ ರೂಪಗಳನ್ನು ಕುರೂಪಿ ಶಿಶುಗಳೆಂದೇ ಕರೆದಿದ್ದಾರೆ. ಎಲ್ಲ ಚಿತ್ರಗಳೂ ಹುಟ್ಟುವಾಗ ಹಾಗೇ ಇರುತ್ತವೆ ಎಂಬುದು ಅವರ ಅನುಭವ. ಆದ್ದರಿಂದ ಅಲ್ಲಿನ ಅನಿಮೇಷನ್ ಕಲಾವಿದರು ಮುಗಿಯದ ಕೆಲಸವನ್ನೇ ದಿನವೂ ಎಲ್ಲರಿಗೂ ತೋರಿಸುತ್ತಾರೆ. ಮುಗಿಯದ್ದನ್ನು ತೋರಿಸಿದವರಿಗೆ ತಿದ್ದುವುದು ಸುಲಭ. ಕೇಳಿಸಿಕೊಳ್ಳುವುದೂ ಸುಲಭ.

ಮುಗಿದುಹೋದ ಕೆಲಸಕ್ಕೆ ರೀತಿ ಬೇರೆ. ಚೌಕಟ್ಟು ಹಾಕಿಸಿ ತಂದ ಚಿತ್ರಕ್ಕೆ, ಅಚ್ಚಾಗಿ ಬಂದ ಸಂಚಿಕೆಗೆ ಸಲಹೆ ಯಾರಿಗೂ ಬೇಡ. ಅಲ್ಲಿ ಮಾಡಿದ ಬಗೆಯನ್ನು ವಿಚಾರಿಸಬೇಕು. ಎಷ್ಟು ದಿನ ಹಿಡಿಯಿತು, ಈ ಬಣ್ಣ ಎಲ್ಲಿ ಸಿಕ್ಕಿತು, ಮುಂದೆ ಏನು ಮಾಡುತ್ತೀರಿ. ನಾಟಕ ಮುಗಿದ ರಾತ್ರಿಯೂ ಹಾಗೆಯೇ. ಬಣ್ಣ ಒರೆಸಿಕೊಳ್ಳುತ್ತಿರುವವರ ಬಳಿ ಹೋಗಿ ಎರಡನೆಯ ಅಂಕ ಎಳೆಯಿತು ಎನ್ನುವವರಿಗೆ ನಾಟಕವೂ ತಿಳಿಯದು, ಮನುಷ್ಯರೂ ತಿಳಿಯರು. ಹೆಗ್ಗೋಡಿನ ನೀನಾಸಂ 1949ರಲ್ಲಿ ಹಳ್ಳಿಯ ಹವ್ಯಾಸಿಗಳು ಕಟ್ಟಿದ ಸಂಸ್ಥೆ. ಅದರ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಚರ್ಚೆ ಮರುದಿನ ಬೆಳಗ್ಗೆ ನಡೆಯುತ್ತದೆ. ಒಂದು ನಿದ್ದೆ ಕಳೆದಿರುತ್ತದೆ. ಆಡಿದವರ ಬೆವರು ಆರಿರುತ್ತದೆ, ನೋಡಿದವರ ಮೊದಲ ಸಿಟ್ಟು ಇಳಿದಿರುತ್ತದೆ. ಚರ್ಚೆ ಮಾತ್ರ ಚುರುಕಾಗಿಯೇ ಇರುತ್ತದೆ.

ನಾಲ್ಕು ಸಂಗತಿ ಮುಗಿಯಿತು. ಐದನೆಯದು, ಕೃತಿ ತೀರಾ ದಾರಿ ತಪ್ಪಿದ್ದರೆ ಏನು ಮಾಡುವುದು ಎಂಬುದು. ಕನ್ನಡದಲ್ಲಿ ಇದಕ್ಕೊಂದು ಪ್ರಸಿದ್ಧ ನಿದರ್ಶನ ಇದೆ. ಕುವೆಂಪು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದರು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಸಂಕಲನವೂ ಬಂದಿತ್ತು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಆ ತರುಣ ತನ್ನ ಕವನಗಳನ್ನು ಅವರಿಗೆ ತೋರಿಸಿದ. ಕಸಿನ್ಸ್ ಸಾಲುಗಳನ್ನು ತಿದ್ದಲಿಲ್ಲ, ಹೊಗಳಲೂ ಇಲ್ಲ. ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ಆ ಭಾಷೆಯಲ್ಲಿ ಇಂಥ ಛಂದಸ್ಸಿನ ವೈವಿಧ್ಯ ಇಲ್ಲ ಎಂದು ತರುಣ ವಾದಿಸಿದಾಗ, ತರಬಹುದು ಎಂದು ಧೈರ್ಯ ಹೇಳಿದರು.

ಆ ಮಾತು ಆಗ ರುಚಿಸಲಿಲ್ಲ. ಕುವೆಂಪು ಅಸಮಾಧಾನದಿಂದಲೇ ಎದ್ದುಬಂದರು. ಆದರೆ ಬರುತ್ತಲೇ ಕನ್ನಡದಲ್ಲಿ ‘ಪೂವು’ ಎಂಬ ಕವನ ಶುರುವಾಯಿತು. 1967ನೇ ಸಾಲಿನ ಜ್ಞಾನಪೀಠ ಆ ಕನ್ನಡಕ್ಕೇ ಬಂತು. ಒಳ್ಳೆಯ ಉತ್ತರಕ್ಕೆ ಆ ಕ್ಷಣದಲ್ಲಿ ಧನ್ಯವಾದ ಸಿಗದೇ ಇರಬಹುದು ಎಂಬುದು ಇಲ್ಲಿ ಕಾಣುವ ಸಂಗತಿ. ಪ್ರತಿ ಕಚೇರಿಯಲ್ಲೂ ಒಬ್ಬ ಕುವೆಂಪು ಇರುವುದಿಲ್ಲ, ಅದು ಸರಿ. ಆದರೆ ಪೋಸ್ಟರಿನಲ್ಲಿ ಎಡವಿದವರು ಕೈಯಿಂದ ಬರೆದ ಅಕ್ಷರ ಸೊಗಸಾಗಿರುವುದು ಉಂಟು. ನಾಟಕ ಕೆಟ್ಟರೂ ಅದರೊಳಗಿನ ಒಂದು ಹಾಡು ನಿಲ್ಲುವುದು ಉಂಟು. ಅದನ್ನು ಕಂಡು ‘ಇದನ್ನೇ ಇನ್ನಷ್ಟು ಮಾಡಿ’ ಎಂದರೆ ಮಾತು ಸುಳ್ಳಾಗುವುದಿಲ್ಲ.

ಉಳಿದದ್ದು ಒಂದು ವ್ಯಾವಹಾರಿಕ ಸಂಗತಿ. ಕೆಲವರು ಅಭಿಪ್ರಾಯ ಕೇಳುವುದಿಲ್ಲ, ಒಪ್ಪಿಗೆ ಕೇಳುತ್ತಾರೆ. ‘ಇದನ್ನೇ ಸಂಚಿಕೆಯ ಮುಖಪುಟಕ್ಕೆ ಹಾಕೋಣವೇ?’ ಇದು ಕಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಆಯ್ಕೆಯ ಪ್ರಶ್ನೆಯಾಗುತ್ತದೆ. ಅಲ್ಲಿ ಸಲಹೆಯ ವೇಷದಲ್ಲಿ ನಿರಾಕರಣೆ ಸಲ್ಲದು. ಐದು ಸಲ ಬಣ್ಣ ಬದಲಿಸಿ ತರಿಸಿಕೊಂಡು ಆರನೆಯ ಸಲ ಬೇಡ ಎನ್ನುವುದು ಮೊದಲ ದಿನವೇ ಬೇಡ ಎನ್ನುವುದಕ್ಕಿಂತ ಕ್ರೂರ. ಮುಖಪುಟವನ್ನು ಯಾರು ಆರಿಸುತ್ತಾರೆ, ಎಷ್ಟು ಜನ ಕಳಿಸಿದ್ದಾರೆ, ಯಾವಾಗ ತಿಳಿಸುತ್ತಾರೆ ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ನೋವು ಕಡಿಮೆ. ಬೇಡ ಎಂದಾದರೆ ಆ ಮಾತನ್ನು ಅವರಿಗೊಬ್ಬರಿಗೇ, ಎದುರು ಕೂತು ತಿಳಿಸಬೇಕು. ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಹೊಗಳಬಹುದು, ತಿದ್ದಬಾರದು. ಅಲ್ಲಿ ಒಬ್ಬರು ಒತ್ತಕ್ಷರದ ತಪ್ಪು ತೋರಿಸಿದರೆ, ಮಿಕ್ಕವರೆಲ್ಲ ಐದೇ ನಿಮಿಷದಲ್ಲಿ ಆನೆ, ಹುಲಿ, ವಿಧಾನಸೌಧದ ತನಕ ತಲುಪಿರುತ್ತಾರೆ.